ಕಡಾಣಿಯಿಂದ ಬೇರಿಂಗ್‌ವರೆಗೆ: ಹಾಸನ ಸೀಮೆಯ ಒಂದು ಅಚ್ಚಿನ ಕಥೆ

ರಾಮಾಯಣ ನಡೆದದ್ದೇ ಒಂದು ವ್ಹೀಲ್ ಪ್ರಾಬ್ಲಮ್‌ನಿಂದ ಅಂದ್ರೆ ನಂಬ್ತೀರಾ? :) ಶಂಬರಾಸುರನ ಮೇಲಿನ ಯುದ್ಧದಲ್ಲಿ ದಶರಥನ ರಥದ ಕಡಾಣಿ ಕಳಚಿ ಬಿತ್ತಂತೆ. ಜೊತೆಯಲ್ಲಿದ್ದ ಕೈಕೇಯಿ ಆ ತೂತಿಗೆ ತನ್ನ ಬೆರಳನ್ನೇ ಕೊಟ್ಟು ಚಕ್ರ ಉರುಳಿ ಹೋಗದಂತೆ ಹಿಡಿದಳಂತೆ. ಅದಕ್ಕೆ ಸಿಕ್ಕ ಎರಡು ವರಗಳೇ ಮುಂದೆ ರಾಮನನ್ನು ಕಾಡಿಗೆ ಕಳಿಸಿದ್ದು. ವಾಲ್ಮೀಕಿಯಲ್ಲಿ ಈ ಬೆರಳಿನ ಪ್ರಸಂಗ ಇಲ್ಲ, ಇದು ಹರಿಕಥೆ ದಾಸರ, ಅಜ್ಜಿಯರ ರಾಮಾಯಣ. ಕಥೆ ಕಟ್ಟಿದವರು ಯಾರೋ ಏನೋ, ಗಾಡಿ ಹೊಡೆದವರಂತೂ ಹೌದು. ಚಕ್ರದಲ್ಲಿ ಯಾವ ಜಾಗ ಕೈಕೊಡುತ್ತೆ ಅಂತ ಅವರಿಗೆ ಸರಿಯಾಗಿ ಗೊತ್ತಿತ್ತು.

ಆ ಜಾಗದ ಬಗ್ಗೆಯೇ ಈ ಬರಹ. ಚಕ್ರ ತಿರುಗುತ್ತೆ, ಅಚ್ಚು ತಿರುಗಲ್ಲ. ಇವೆರಡರ ಮಧ್ಯೆ ಏನೋ ಒಂದು ಸವೆಯಲೇಬೇಕು. ಏನು ಸವೆಯಬೇಕು, ಸವೆದದ್ದನ್ನು ಯಾರು ಸರಿ ಮಾಡಬೇಕು? ಕಂಪ್ಯೂಟರ್ ಮುಂದೆ ಕೂತು ಹೊಟ್ಟೆ ಹೊರೆಯುವ ನನಗೆ ಈ ಪ್ರಶ್ನೆ ಹುಟ್ಟಿದ್ದು ಅರಕಲಗೂಡು ತಾಲೂಕಿನಲ್ಲಿರುವ ದೊಡ್ಡಪ್ಪನ ಹಳೇ ಜೀಪಿನಿಂದ. ಅದರ ಮುಂದಿನ ಅಚ್ಚು ಬಿಚ್ಚಿದ ದಿನದಿಂದ ಹಿಡಿದ ಹುಚ್ಚು ಇದು. ಜೀಪಿಗೆ ಆಮೇಲೆ ಬರ್ತೀನಿ. ಮೊದಲು ಎತ್ತಿನ ಗಾಡಿ.

ನನ್ನ ತಾಯಿಯ ತವರು ಚನ್ನರಾಯಪಟ್ಟಣದ ಕಡೆ. ಹಳ್ಳಿಕಾರ್ ಎತ್ತು, ತೆಂಗಿನ ತೋಟ, ಬೂಕನಬೆಟ್ಟದ ದನದ ಜಾತ್ರೆ ಅಂತ ಮಾತಾಡುವ ಸೀಮೆ. ತಾತನ ಮಾತಿನಲ್ಲಿ ಗಾಡಿಯ ಒಂದೊಂದು ಭಾಗಕ್ಕೂ ಹೆಸರಿತ್ತು. ಚಕ್ರದ ನಡುವಿನ ದಪ್ಪ ಮರ ಗುಂಬ. ಎರಡು ಚಕ್ರ ಹೊರುವ ಅಡ್ಡ ಅಚ್ಚು ಇರುಸು. ಇರುಸಿನ ತುದಿಯ ತೂತಿಗೆ ಹಾಕುವ ಕಬ್ಬಿಣದ ಕೀಲು ಕಡಾಣಿ. ಹಳೆಗನ್ನಡದ ಕಡೆಗೀಲು ಇದೇ. ಜೇಡರ ದಾಸಿಮಯ್ಯನ ಒಂದು ವಚನ ನಿಂತಿರುವುದೇ ಈ ಕಡೆಗೀಲಿನ ಮೇಲೆ. ಗುಂಬಕ್ಕೂ ಇರುಸಿಗೂ ನಡುವೆ ಹಾಕುವುದು ಕೀಲೆಣ್ಣೆ: ಹರಳೆಣ್ಣೆಗೆ ಹುಲ್ಲು ಸುಟ್ಟ ಮಸಿ ಕಲಸಿ ಮಾಡಿದ ಕಪ್ಪು ಜಿಡ್ಡು. ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಗೇ ಕಟ್ಟಿರುತ್ತಿದ್ದರು.

ಈ ವ್ಯವಸ್ಥೆಯಲ್ಲಿ ಬೇರಿಂಗ್ ಎಲ್ಲಿದೆ? ಬೇರೆಯಾಗಿ ಎಲ್ಲೂ ಇಲ್ಲ. ಗುಂಬದೊಳಗಿನ ಕಬ್ಬಿಣದ ಬಳೆಯೇ ಬೇರಿಂಗ್. ಇರುಸೂ ಸವೆಯುತ್ತೆ, ಬಳೆಯೂ ಸವೆಯುತ್ತೆ, ಕಡಾಣಿಯೂ ಸವೆಯುತ್ತೆ. ಸವೆದಷ್ಟೂ ಚಕ್ರ ಅಚ್ಚಿನ ಮೇಲೆ ಆಚೆ ಈಚೆ ಜಾರುತ್ತೆ. ರಾತ್ರಿ ದೂರದಿಂದ ಗಾಡಿ ಬರುವಾಗ ಕೇಳುತ್ತಿದ್ದ ಆ ಲೊಟಕ್ ಲೊಟಕ್ ಸದ್ದು ಕವಿಗಳಿಗೆ ಇಂಪು, ಎಂಜಿನಿಯರಿಗೆ ‘ಎಂಡ್ ಪ್ಲೇ’. ನಮ್ಮ ಗ್ಯಾರೇಜುಗಳಲ್ಲಿ ಇದಕ್ಕೆ ಇನ್ನೂ ಚೆಂದದ ಕನ್ನಡ ಪದ ಇದೆ, ‘ಆಟ’. “ಚಕ್ರ ಆಟ ಬಂದಿದೆ” ಅಂತಾರೆ. ಗಾಡಿಯ ಆಟ ಹೆಚ್ಚಾದರೆ ಊರಿನ ಆಚಾರ್ರ ಹತ್ತಿರ ಹೋಗಬೇಕು. ಅವರು ಬಳೆ ಬದಲಿಸಿ, ಬೇಕಾದರೆ ಚಕ್ರದ ಕಬ್ಬಿಣದ ಹಳಿಯನ್ನು ಕೆಂಪಗೆ ಕಾಯಿಸಿ ಮರಕ್ಕೆ ಕೂರಿಸಿ, ನೀರು ಹೊಯ್ದು ಬಿಗಿಗೊಳಿಸಿ ಕಳಿಸುತ್ತಿದ್ದರು. ಪ್ರತಿ ಗಾಡಿಗೂ ಅದರದೇ ಅಳತೆ. ಈ ಗಾಡಿಯ ಬಳೆ ಆ ಗಾಡಿಗೆ ಬರಲ್ಲ. ಸ್ಪೇರ್ ಪಾರ್ಟ್ ಅನ್ನೋ ಕಲ್ಪನೆಯೇ ಇಲ್ಲ, ಆಚಾರ್ರೇ ಸ್ಪೇರ್ ಪಾರ್ಟ್ :)

*

ಈಗ ಸ್ವಲ್ಪ ಅಮೆರಿಕಕ್ಕೆ ಹೋಗಿ ಬರೋಣ. ಅಲ್ಲಿ ಈ ಕಥೆಗೆ ತಿರುವು ಕೊಟ್ಟವನೂ ಒಬ್ಬ ಗಾಡಿ ಮಾಡುವವನೇ. ಹೆನ್ರಿ ಟಿಮ್ಕೆನ್, 1831ರಲ್ಲಿ ಜರ್ಮನಿಯಲ್ಲಿ ಹುಟ್ಟಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಕುದುರೆ ಗಾಡಿ ಕಟ್ಟುತ್ತಿದ್ದ. ಅಚ್ಚಿಗೆ ಗುಂಡು ಹಾಕುವ ಐಡಿಯಾ ಅವನದಲ್ಲ. ವೇಲ್ಸ್‌ನ ಫಿಲಿಪ್ ವಾನ್ ಅನ್ನುವವನು ಸಾರೋಟಿನ ಅಚ್ಚಿಗೆ ಬಾಲ್ ಬೇರಿಂಗ್ ಹಾಕಿ 1794ರಲ್ಲೇ ಪೇಟೆಂಟ್ ತಗೊಂಡಿದ್ದ. ಆದರೆ ಭಾರದ ಗಾಡಿ ತಿರುವಿನಲ್ಲಿ ಹೊರಳಿದಾಗ ಚಕ್ರಕ್ಕೆ ಎರಡು ಕಡೆಯ ಒತ್ತಡ. ಮೇಲಿಂದ ತೂಕ, ಪಕ್ಕದಿಂದ ನೂಕು. ನೇರವಾದ ಉರುಳೆ ತೂಕ ಹೊರುತ್ತೆ, ನೂಕು ತಡೆಯಲ್ಲ. ಎತ್ತಿನ ಗಾಡಿಯಲ್ಲಿ ಆ ನೂಕನ್ನು ತಡೆಯುವ ಕೆಲಸ ಕಡಾಣಿಯದು.

ಟಿಮ್ಕೆನ್ ಮತ್ತು ರೆಜಿನಾಲ್ಡ್ ಹೈನ್‌ಜಲ್‌ಮನ್ ಸೇರಿ ಉರುಳೆಯನ್ನು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಮಾಡಿದರು. ಅದು ಕೂರುವ ಒಳಗಿನ ಕೋನ್, ಹೊರಗಿನ ಕಪ್ ಎರಡೂ ಅದೇ ರೀತಿ ಓರೆ. ಈ ಎಲ್ಲ ಓರೆ ಗೆರೆಗಳನ್ನು ಮುಂದಕ್ಕೆ ಎಳೆದರೆ ಅಚ್ಚಿನ ನಡುಗೆರೆಯ ಮೇಲೆ ಒಂದೇ ಬಿಂದುವಿನಲ್ಲಿ ಸೇರಬೇಕು. ಆಗ ಉರುಳೆ ಜಾರಿ ಉಜ್ಜಿಕೊಳ್ಳದೆ ಉರುಳುತ್ತಲೇ ಇರುತ್ತೆ, ತೂಕವನ್ನೂ ನೂಕನ್ನೂ ಒಟ್ಟಿಗೆ ಹೊರುತ್ತೆ. 1898ರ ಜೂನ್ 28ರಂದು ಪೇಟೆಂಟ್ ಸಿಕ್ಕಿತು, ಮರುವರ್ಷ ಕಂಪನಿ ಶುರುವಾಯಿತು.

ನನಗೆ ಇದರಲ್ಲಿ ಇಷ್ಟವಾದದ್ದು ಜಾಮಿಟ್ರಿಗಿಂತ ಹೆಚ್ಚಾಗಿ ಇನ್ನೊಂದು ವಿಷಯ. ಮೊದಲು ಸವೆತ ಇಡೀ ಅಚ್ಚಿಗೆ, ಇಡೀ ಗುಂಬಕ್ಕೆ ಹರಡಿತ್ತು. ಬೇರಿಂಗ್ ಬಂದ ಮೇಲೆ ಸವೆತವನ್ನೆಲ್ಲ ಒಂದು ಸಣ್ಣ ಉಕ್ಕಿನ ಬಳೆಯೊಳಗೆ ಕೂಡಿ ಹಾಕಿದರು. ಅದು ಸವೆಯಲಿ, ಅಚ್ಚು ಉಳಿಯಲಿ. ಆ ಬಳೆಗೆ ಒಂದು ನಂಬರ್ ಕೊಟ್ಟರು. ನಂಬರ್ ಹೇಳಿದರೆ ಪ್ರಪಂಚದ ಯಾವ ಮೂಲೆಯಲ್ಲಾದರೂ ಅದೇ ಅಳತೆಯ ಬಳೆ ಸಿಗಬೇಕು.

*

ಹಾಗೆ ನಂಬರ್ ಹೊತ್ತು ನಮ್ಮ ಕಡೆ ಬಂದ ಗಾಡಿಯೇ ಜೀಪು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೇನೆಯವರು ವಿಲೇವಾರಿ ಮಾಡಿದ ಜೀಪುಗಳು ದೇಶದ ತುಂಬ ಹರಿದಾಡಿದವು. 1945ರ ಅಕ್ಟೋಬರ್ 2ರಂದು ‘ಮಹೀಂದ್ರ ಅಂಡ್ ಮೊಹಮ್ಮದ್’ ಅನ್ನೋ ಕಂಪನಿ ಹುಟ್ಟಿತು. ದೇಶ ಒಡೆದಾಗ ಪಾಲುದಾರ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಹಣಕಾಸು ಮಂತ್ರಿಯಾದರು, ಆಮೇಲೆ ಗವರ್ನರ್ ಜನರಲ್ಲೂ ಆದರು. 1948ರಲ್ಲಿ ಕಂಪನಿ ‘ಮಹೀಂದ್ರ ಅಂಡ್ ಮಹೀಂದ್ರ’ ಆಯಿತು. ಅದೇ ದಶಕದ ಕೊನೆಯಲ್ಲಿ ಮುಂಬಯಿಯ ಮಝಗಾಂವ್‌ನಲ್ಲಿ ವಿಲ್ಲಿಸ್ ಜೀಪುಗಳನ್ನು ಬಿಡಿಭಾಗಗಳಿಂದ ಜೋಡಿಸತೊಡಗಿತು. 1953ರಲ್ಲಿ ಅಮೆರಿಕದಲ್ಲಿ ಬಂದ ಎತ್ತರದ ಬಾನೆಟ್ಟಿನ ಸಿಜೆ-3ಬಿ ಅಲ್ಲಿ 1968ಕ್ಕೆ ನಿಂತಿತು. ಇಲ್ಲಿ ಅದರ ಸಂತತಿ ಆಮೇಲೂ ದಶಕಗಟ್ಟಲೆ ಮುಂದುವರಿಯಿತು. ಎಂಎಂ 540, 550, ಮೇಜರ್ ಎಲ್ಲ ಅದೇ ವಂಶ.

ಹಾಸನ ಜಿಲ್ಲೆಗೆ ಈ ಗಾಡಿ ಹೇಳಿ ಮಾಡಿಸಿದಂತಿತ್ತು. ಅರ್ಧ ಜಿಲ್ಲೆ ಬಯಲು, ಅರ್ಧ ಮಲೆನಾಡು. ಚನ್ನರಾಯಪಟ್ಟಣದ ಒಣ ಧೂಳಿನಿಂದ ಹೊರಟರೆ ನೂರು ಕಿಲೋಮೀಟರ್ ದಾಟುವುದರೊಳಗೆ ಸಕಲೇಶಪುರದ ಕಾಫಿ ತೋಟದ ಕೆಸರು. ಅರಕಲಗೂಡು ಇವೆರಡರ ಗಡಿ. ಅಲ್ಲಿಂದ ಮುಂದೆ ಕೊಡ್ಲಿಪೇಟೆ, ಶನಿವಾರಸಂತೆ, ಕೊಡಗು. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಬಂದ ಮೇಲೆ ಹಳ್ಳಿಯವರಿಗೆ ಸರ್ಕಾರ ಅಂದರೆ ಬಿಡಿಒ ಸಾಹೇಬರ ಜೀಪು. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿಯಿತು. ಎಡದಂಡೆ ಬಲದಂಡೆ ನಾಲೆಗಳ ಏರಿ ಮೇಲೆ ಓಡಾಡಿದ್ದೂ ಇಲಾಖೆ ಜೀಪೇ. ಇಲಾಖೆಯಲ್ಲಿ ಹಳತಾದರೆ ಹರಾಜು. ಹರಾಜಿನಿಂದ ರೈತರ ಮನೆಗೆ. ನಮ್ಮ ದೊಡ್ಡಪ್ಪನ ಜೀಪು ಬಂದದ್ದೂ ಹೀಗೇ. ಶುಂಠಿ, ಹೊಗೆಸೊಪ್ಪು, ಆಲೂಗೆಡ್ಡೆ, ಮದುವೆ ದಿಬ್ಬಣ, ಹೆರಿಗೆಗೆ ಹೊರಟವರು... ಅದು ಹೊರದೇ ಇರುವ ಭಾರ ಇಲ್ಲ.

*

ಎರಡು ವರ್ಷದ ಕೆಳಗೆ ಅದರ ಸ್ಟೇರಿಂಗ್ ನಡುಗಲು ಶುರುವಾಯಿತು. ನಲವತ್ತರ ವೇಗದಲ್ಲಿ ಒಂದು ಗುಂಡಿ ಸಿಕ್ಕರೆ ಮುಂದಿನ ಎರಡೂ ಚಕ್ರ ತಲೆ ಅಲ್ಲಾಡಿಸಿದ ಹಾಗೆ ಅಲ್ಲಾಡುತ್ತಿದ್ದವು. ಯಾವುದೋ ಗ್ಯಾರೇಜಿನಲ್ಲಿ ಬೇರಿಂಗ್ ಬದಲಿಸಿ ಕೊಟ್ಟರು, ಒಂದು ಮಳೆಗಾಲ ಕಳೆಯುವುದರೊಳಗೆ ಅದೇ ರಾಗ. ರಿಜಿಸ್ಟ್ರೇಷನ್ ರಿನ್ಯೂ ಮಾಡಿಸುವ ಕಾಲವೂ ಹತ್ತಿರ ಬಂತು. ಅಣ್ಣ “ಗುಜರಿಗೆ ಹಾಕಿ ಅಪ್ಪಾ” ಅಂದ. ದೊಡ್ಡಪ್ಪ ಮಾತಾಡಲಿಲ್ಲ. ಒಂದು ಭಾನುವಾರ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೆಲ್ಲಗೆ ಹೊಳೆನರಸೀಪುರಕ್ಕೆ ಹೊರಟರು. ಅಲ್ಲಿ ಜೀಪು ಬಿಟ್ಟರೆ ಬೇರೆ ಗಾಡಿ ಮುಟ್ಟದ ಒಬ್ಬ ಸಾಬರಿದ್ದಾರೆ ಅಂತ ಯಾರೋ ಹೇಳಿದ್ದರು.

ಸಾಬರು ಮೊದಲು ಮಾಡಿದ್ದು ಚಕ್ರ ಎತ್ತಿ ಅಲ್ಲಾಡಿಸಿದ್ದು. ಮೇಲೆ ಒಂದು ಕೈ, ಕೆಳಗೆ ಒಂದು ಕೈ. ಆಟ ಇತ್ತು. “ಬ್ರೇಕ್ ಒತ್ತಪ್ಪ” ಅಂದರು. ನಾನು ಒತ್ತಿದೆ, ಅವರು ಮತ್ತೆ ಅಲ್ಲಾಡಿಸಿದರು. ಆಟ ಕಮ್ಮಿಯಾಯಿತು, ಪೂರ್ತಿ ಹೋಗಲಿಲ್ಲ. “ಎರಡೂ ಹೋಗಿದೆ ಗೌಡ್ರೆ, ವ್ಹೀಲ್ ಬೇರಿಂಗೂ, ಕಿಂಗ್ ಪಿನ್ನೂ.” ಇದರ ಲಾಜಿಕ್ ಚೆನ್ನಾಗಿದೆ. ಬ್ರೇಕ್ ಒತ್ತಿದರೆ ಡ್ರಮ್ಮು ಮತ್ತು ಅದರ ಹಿಂದಿನ ಪ್ಲೇಟು ಒಂದಾಗಿ ಹಿಡಿದುಕೊಳ್ಳುತ್ತವೆ, ವ್ಹೀಲ್ ಬೇರಿಂಗಿನ ಆಟ ಮಾಯವಾಗುತ್ತೆ. ಆಗಲೂ ಉಳಿದ ಆಟ ಅದರ ಹಿಂದಿನದು, ಅಂದರೆ ಕಿಂಗ್ ಪಿನ್ನಿನದು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಒಂದು ಮಾಡ್ಯೂಲ್ ಆಫ್ ಮಾಡಿ ಬಗ್ ಎಲ್ಲಿದೆ ಅಂತ ಹುಡುಕಿದ ಹಾಗೆ!

ಇಲ್ಲಿ ಕಿಂಗ್ ಪಿನ್ ಅಂದರೆ ಏನು ಅಂತ ಹೇಳಬೇಕು. ಫೋರ್ ವ್ಹೀಲ್ ಡ್ರೈವ್ ಗಾಡಿಯ ಮುಂದಿನ ಚಕ್ರ ಎರಡು ಕೆಲಸ ಮಾಡಬೇಕು, ಎಂಜಿನ್ನಿನ ಬಲದಲ್ಲಿ ಉರುಳಬೇಕು ಮತ್ತು ಎಡಕ್ಕೆ ಬಲಕ್ಕೆ ತಿರುಗಬೇಕು. ಅದಕ್ಕೆ ಅಚ್ಚಿನ ತುದಿಯಲ್ಲಿ ದುಂಡನೆಯ ಒಂದು ಗಿಣ್ಣು. ನಮ್ಮ ಬೆರಳ ಗಿಣ್ಣು ಇದ್ದ ಹಾಗೇ. ಗಿಣ್ಣಿಗೆ ಮೇಲೊಂದು ಕೆಳಗೊಂದು ಪಿನ್ನು, ಪ್ರತಿ ಪಿನ್ನಿಗೂ ಒಂದು ಪುಟ್ಟ ಟೇಪರ್ ಬೇರಿಂಗ್. ಹೊಸ ಗಾಡಿಗಳಲ್ಲಿ ಈ ಪಿನ್ನಿನ ಕೆಲಸ ಬಾಲ್ ಜಾಯಿಂಟ್ ಮಾಡುತ್ತೆ. ನಮ್ಮ ಸೊಂಟದ ಕೀಲಿನ ಹಾಗೆ ಬಟ್ಟಲಿನೊಳಗೆ ಒಂದು ಗುಂಡು. ಫೋರ್ಡ್ ಕಾರುಗಳಿಗೆ ಮುಂದೆ ಬಾಲ್ ಜಾಯಿಂಟ್ ಬಂದದ್ದು 1954ರಲ್ಲಿ, ಅಮೆರಿಕದ ಸಿಜೆ ಜೀಪಿಗೆ 1972ರಲ್ಲಿ. ನಮ್ಮ ಕಡೆ 1983ರ ಕೊನೆಗೆ ಬಂದ ಮಾರುತಿ 800ರಲ್ಲಿ ಅದಿತ್ತು. ಮಹೀಂದ್ರದ ಹಳೇ ಜೀಪುಗಳಲ್ಲಿ ಮಾತ್ರ ಹಳೇ ಗಿಣ್ಣು, ಹಳೇ ಪಿನ್ನು. ಅವುಗಳಲ್ಲಿ ಬಾಲ್ ಜಾಯಿಂಟ್ ಇರುವುದು ಸ್ಟೇರಿಂಗಿನ ಟೈ ರಾಡ್ ತುದಿಗಳಲ್ಲಿ. ದೊಡ್ಡಪ್ಪನ ಜೀಪಿನಲ್ಲಿ ಅವೂ ಸಡಿಲವಾಗಿದ್ದವು.

ಬಿಚ್ಚಿದ ಮೇಲೆ ಹಿಂದಿನ ರಿಪೇರಿಯ ಗುಟ್ಟು ಹೊರಬಿತ್ತು. ಕೋನ್ ಹೊಸದು, ಕಪ್ ಹಳೆಯದು! ಹಬ್ಬಿನೊಳಗೆ ಬಿಗಿಯಾಗಿ ಕೂತ ಕಪ್ ತೆಗೆಯೋದು ಕಷ್ಟದ ಕೆಲಸ, ಯಾರೋ ಸೋಮಾರಿತನ ಮಾಡಿದ್ದರು. ಹಳೇ ಕಪ್ಪಿನ ಗಾಯದ ಮೇಲೆ ಹೊಸ ಉರುಳೆ ಓಡಿದರೆ ಅದೂ ಹಾಳು. ಕಿಂಗ್ ಪಿನ್ನಿನ ಕಪ್ ಇನ್ನೂ ಕುತೂಹಲದ್ದು. ಈ ಬೇರಿಂಗ್ ಯಾವತ್ತೂ ಪೂರ್ತಿ ಸುತ್ತಲ್ಲ, ಸ್ವಲ್ಪ ಆಚೆ ಸ್ವಲ್ಪ ಈಚೆ ಅಷ್ಟೇ. ಜೀವಮಾನದ ಹೆಚ್ಚು ಭಾಗ ಗಾಡಿ ನೇರ ಹೋಗುತ್ತಲ್ಲ, ಹಾಗಾಗಿ ಉರುಳೆಗಳು ಕೂತಲ್ಲೇ ಕೂತು ಏಟು ತಿಂದು ಕಪ್ಪಿನಲ್ಲಿ ಸಾಲಾಗಿ ಗೀರು ಬಿದ್ದಿದ್ದವು. ಬೆರಳಾಡಿಸಿದರೆ ಎಣಿಸಬಹುದಿತ್ತು. ಎಷ್ಟೋ ವರ್ಷಗಳ ರಸ್ತೆ ಅಲ್ಲಿ ಬರೆದುಕೊಂಡಿತ್ತು.

ಸಾಮಾನಿಗೆ ಹಾಸನಕ್ಕೆ ಹೋದೆವು. ಬಿ.ಎಂ. ರಸ್ತೆಯ ಒಂದು ಅಂಗಡಿಯಲ್ಲಿ ಸಾಬರು ಬರೆದುಕೊಟ್ಟ ಚೀಟಿ ಕೊಟ್ಟೆ. ಅದರಲ್ಲಿ ಗಾಡಿಯ ಹೆಸರೂ ಇಲ್ಲ, ವರ್ಷವೂ ಇಲ್ಲ. ‘18590/20 – ನಾಲ್ಕು, 11590/20 – ನಾಲ್ಕು’ ಅಷ್ಟೇ. ಅಂಗಡಿಯವರು ಏನೂ ಕೇಳದೆ ಡಬ್ಬ ತಂದಿಟ್ಟರು. ಆಮೇಲೆ ನೋಡಿದರೆ ವಿಲ್ಲಿಸ್‌ನ ಯುದ್ಧಕಾಲದ ಜೀಪಿಗೂ ಇವೇ ನಂಬರ್! 18590ರ ಒಳವ್ಯಾಸ 41.275 ಮಿಲಿಮೀಟರ್, ಅಂದರೆ ಒಂದೂ ಐದೆಂಟಾಂಶ ಇಂಚು. ನಮ್ಮ ದೇಶ 1956ರಲ್ಲೇ ಮೆಟ್ರಿಕ್ ಅಳತೆಗೆ ಕಾಯ್ದೆ ಮಾಡಿತು, ಅರಕಲಗೂಡಿನ ಜೀಪಿನ ಅಚ್ಚು ಮಾತ್ರ ಇನ್ನೂ ಇಂಚಿನಲ್ಲೇ ಇದೆ. ಟಿಮ್ಕೆನ್ ಒಂದೇ ಅಲ್ಲ, ಬೇರೆ ಕಂಪನಿಗಳೂ ಇದೇ ನಂಬರಿನಲ್ಲಿ ಇದೇ ಅಳತೆಯ ಬೇರಿಂಗ್ ಮಾಡುತ್ತವೆ. ಜೈಪುರದ ಎನ್‌ಬಿಸಿ ಬೇರಿಂಗ್ ಕಾರ್ಖಾನೆ 1946ರಲ್ಲಿ ಸ್ಥಾಪನೆಯಾದದ್ದು, ಜಮ್‌ಶೇಡ್‌ಪುರದಲ್ಲಿ ಟಾಟಾ ಟಿಮ್ಕೆನ್ ಶುರುವಾದದ್ದು 1987ರಲ್ಲಿ. ನಾವು ಸಾಫ್ಟ್‌ವೇರ್‌ನವರು ಮೂರು ವರ್ಷದ ಹಳೇ ಲೈಬ್ರರಿ ನಡೀತಿಲ್ಲ ಅಂತ ಗೋಳಾಡ್ತೀವಿ. ಎಂಬತ್ತು ವರ್ಷ ಬದಲಾಗದೆ ನಿಂತ ಇಂಟರ್‌ಫೇಸ್ ಅಂದರೆ ಇದು ಸ್ವಾಮೀ!

*

ನಂಬರ್ ಇದ್ದರೆ ಎಲ್ಲ ಮುಗಿಯಿತಾ? ಇಲ್ಲ. ಟೇಪರ್ ಬೇರಿಂಗಿನ ವಿಶೇಷ ಅಂದರೆ ಕೊನೆಯ ಮಾತು ಅದರ ಡಬ್ಬದಲ್ಲಿ ಇರಲ್ಲ. ಕೋನನ್ನು ಕಪ್ಪಿಗೆ ಎಷ್ಟು ಒತ್ತಿ ಕೂರಿಸಬೇಕು ಅನ್ನೋದನ್ನ ಹಾಕುವವರು ನಿರ್ಧರಿಸಬೇಕು. ಸಡಿಲ ಬಿಟ್ಟರೆ ಆಟ, ಬಿಗಿ ಮಾಡಿದರೆ ಬಿಸಿಯಾಗಿ ಸುಟ್ಟು ಹೋಗುತ್ತೆ.

ಸಾಬರು ಹಿತ್ತಾಳೆ ಪಂಚಿನಿಂದ ಹಳೇ ಕಪ್ಪುಗಳನ್ನು ಸುತ್ತಲೂ ಒಂದೊಂದು ಏಟು ಹಾಕುತ್ತ ಹೊರಗೆ ತಂದರು. ಹೊಸದನ್ನೂ ಹಾಗೇ ಕೂರಿಸಿದರು. ತಳ ಮುಟ್ಟಿದಾಗ ಸುತ್ತಿಗೆಯ ಸದ್ದು ಬದಲಾಗುತ್ತೆ, ನನಗೂ ಕೇಳಿಸಿತು. ಗ್ರೀಸನ್ನು ಅಂಗೈಯಲ್ಲಿ ಹಾಕಿಕೊಂಡು ಬೇರಿಂಗನ್ನು ಅದಕ್ಕೆ ಒತ್ತಿ ಒತ್ತಿ ಉರುಳೆಗಳ ಸಂದಿಯಿಂದ ಮೇಲೆ ಬರುವವರೆಗೂ ತುಂಬಿದರು. ಕೀಲೆಣ್ಣೆಯ ಬಣ್ಣ ಬದಲಾಗಿದೆ, ಅಷ್ಟೇ. ಕಿಂಗ್ ಪಿನ್ನಿನ ಮೇಲಿನ ಮುಚ್ಚಳದಡಿ ಹಾಳೆಯಷ್ಟು ತೆಳ್ಳಗಿನ ಶಿಮ್‌ಗಳು. ಒಂದು ತೆಗೆದರೆ ಬಿಗಿ, ಒಂದು ಹಾಕಿದರೆ ಸಡಿಲ. ಕೈಯಲ್ಲಿ ಗಿಣ್ಣನ್ನು ಆಚೆ ಈಚೆ ತಿರುಗಿಸುತ್ತ ಮೂರು ಸಲ ಹಾಕಿ ತೆಗೆದು ಮಾಡಿದರು.

ನನ್ನ ಮೊಬೈಲಿನಲ್ಲಿ ಹಳೇ ಮ್ಯಾನ್ಯುಯಲ್ ಇತ್ತು. ಸ್ಟೇರಿಂಗ್ ತೋಳಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದು, ಎಷ್ಟು ಬಲಕ್ಕೆ ಗಿಣ್ಣು ತಿರುಗುತ್ತೆ ನೋಡಿ ಅಂತ ಅದರಲ್ಲಿ ಬರೆದಿತ್ತು. ಜೀಪಿನ ಹಿಂದೆ ಶುಂಠಿ ತೂಗುವ ತಕ್ಕಡಿ ಬಿದ್ದಿತ್ತಲ್ಲ, ಕಟ್ಟಿ ಎಳೆದೆ. ಮ್ಯಾನ್ಯುಯಲ್ ಹೇಳಿದ ಅಂಕಿಗಳ ನಡುವೆಯೇ ಮುಳ್ಳು ನಿಂತಿತು. ಸಾಬರು ನಕ್ಕರು, ಏನೂ ಹೇಳಲಿಲ್ಲ.

“ವ್ಹೀಲ್ ನಟ್ಟು ಎಷ್ಟು ಬಿಗಿ ಮಾಡ್ಬೇಕು ಅಂತ ಹೆಂಗೆ ಗೊತ್ತಾಗುತ್ತೆ ಸಾಬ್ರೆ?” ಅಂದೆ.

“ಚಕ್ರ ತಿರುಗಿಸ್ತಾ ಬಿಗಿ ಮಾಡಪ್ಪ. ಚಕ್ರ ಬೇಡ ಅನ್ನುತ್ತೆ. ಆಗ ಒಂಚೂರು ವಾಪಸ್ ಬಿಡು.”

ಮ್ಯಾನ್ಯುಯಲ್ಲಿನಲ್ಲೂ ಅದೇ ಇದೆ: ಹಿಡಿಯುವವರೆಗೆ ಬಿಗಿ, ಆಮೇಲೆ ಸುಮಾರು ಆರನೇ ಒಂದು ಸುತ್ತು ಸಡಿಲ. ಆದರೆ ಚಕ್ರ ‘ಬೇಡ’ ಅನ್ನುವುದನ್ನು ಕೇಳುವ ಕೈ ಮ್ಯಾನ್ಯುಯಲ್ಲಿನಲ್ಲಿ ಇಲ್ಲ.

ನಡುಕ ನಿಂತಿತು. ಖರ್ಚು ಒಂದು ಸಾಧಾರಣ ಮೊಬೈಲಿಗಿಂತ ಕಡಿಮೆ. ರಿಜಿಸ್ಟ್ರೇಷನ್ನೂ ರಿನ್ಯೂ ಆಯಿತು. ಆದರೆ ಸಾಬರಿಗೆ ಕಣ್ಣು ಮಂಜಾಗಿದೆ, ಕೈಕೆಳಗೆ ಹುಡುಗರಿಲ್ಲ, ಮಗ ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುತ್ತಾನೆ. “ಮುಂದಿನ ಸಲ ಬೇರಿಂಗ್ ಹೋದಾಗ ನಾನಿರ್ತೀನೋ ಇಲ್ವೋ ಗೌಡ್ರೆ” ಅಂದರು, ಲೆಕ್ಕ ಬರೆಯುವ ದನಿಯಲ್ಲಿ.

*

ಹಳೆಯದೆಲ್ಲ ಚೆನ್ನ ಅಂತ ನಾನು ಹೇಳ್ತಿಲ್ಲ. ಇವತ್ತಿನ ಎಷ್ಟೋ ಕಾರುಗಳಲ್ಲಿ ಬೇರಿಂಗ್ ಒಂದು ಮುಚ್ಚಿದ ಗಂಟು. ಬಿಗಿ ಮಾಡುವ ಹಾಗಿಲ್ಲ, ಗ್ರೀಸ್ ಹಾಕುವ ಹಾಗಿಲ್ಲ. ಕಾರ್ಖಾನೆಯಲ್ಲೇ ಅಳತೆ ಮಾಡಿ ಮುಚ್ಚಿರುತ್ತಾರೆ, ಕೆಟ್ಟರೆ ಇಡೀ ಗಂಟು ಬದಲಿಸಬೇಕು. ಕೋನ್ ಹೊಸದು ಕಪ್ ಹಳೆಯದು ಅನ್ನೋ ಮೋಸಕ್ಕೆ ಅಲ್ಲಿ ಜಾಗವೇ ಇಲ್ಲ, ಅದು ಲಾಭವೇ. 2010ರಲ್ಲಿ ಬಂದ ಥಾರ್ ಸಿಆರ್‌ಡಿಇ ಮುಂದಿನ ಇಡಿಯಚ್ಚನ್ನೇ ಬಿಟ್ಟು ಎರಡು ಚಕ್ರಗಳನ್ನೂ ಬೇರೆ ಬೇರೆಯಾಗಿ ತೂಗುಬಿಟ್ಟಿತು; ಅದು ಹೋಗುವ ನಾಜೂಕು ಹಳೇ ಜೀಪಿಗೆ ಎಲ್ಲಿಂದ ಬರಬೇಕು? 2023ರ ಏಪ್ರಿಲ್ 1ರಿಂದ, ಸೇನೆಯಂಥ ಕೆಲವು ಬಿಟ್ಟು, 15 ವರ್ಷ ದಾಟಿದ ಸರ್ಕಾರಿ ವಾಹನಗಳ ರಿಜಿಸ್ಟ್ರೇಷನ್ ನವೀಕರಣವೂ ನಿಂತಿದೆ. ಇಲಾಖೆ ಜೀಪು ಇನ್ನು ಮೇಲೆ ರೈತರ ಮನೆಗಲ್ಲ, ನೇರ ಗುಜರಿಗೆ.

ಮೊದಲೂ ಹಳೇ ಗಾಡಿಗಳು ಸಾಯುತ್ತಿದ್ದವು, ಆದರೆ ಅಚ್ಚು ಸಾಯುತ್ತಿರಲಿಲ್ಲ. ಕೆಟ್ಟ ಜೀಪು ಲಾರಿಗಳ ಅಚ್ಚುಗಳು ಟೈರಿನ ಗಾಡಿ ಸೇರುತ್ತಿದ್ದವು. ಚನ್ನರಾಯಪಟ್ಟಣದ ಹತ್ತಿರ ಶ್ರೀನಿವಾಸಪುರದ ಹೇಮಾವತಿ ಸಕ್ಕರೆ ಕಾರ್ಖಾನೆಯ ಸೀಮೆಯಲ್ಲಿ ಅಂಥ ಗಾಡಿಗಳಲ್ಲಿ ಕಬ್ಬು ಹೋಗುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ ಎತ್ತಿನ ಗಾಡಿಗೆ ಒಳ್ಳೆಯ ಬೇರಿಂಗ್, ಒಳ್ಳೆಯ ಚಕ್ರ ಕೊಟ್ಟು ಎತ್ತಿನ ಕತ್ತಿನ ಭಾರ ಇಳಿಸಿ ಅಂತ 1970ರ ದಶಕದಿಂದ ಹೇಳುತ್ತಲೇ ಬಂದರು. ಜಗತ್ತಿಗೆ ಟೇಪರ್ ಬೇರಿಂಗ್ ಕೊಟ್ಟದ್ದು ಒಬ್ಬ ಗಾಡಿ ಮಾಡುವವನು; ಅದು ನಮ್ಮ ಗಾಡಿಗೆ ಬಂದು ಸೇರಿದ್ದು ಗುಜರಿಯ ದಾರಿ ಹಿಡಿದು.

ಇವತ್ತಿಗೂ 18590 ಸಿಗುತ್ತೆ, ಇನ್ನೂ ಎಷ್ಟೋ ವರ್ಷ ಸಿಗುತ್ತೆ. ಅದರ ಬಗ್ಗೆ ನನಗೆ ಚಿಂತೆ ಇಲ್ಲ. ಸಿಗದೇ ಹೋಗುವುದು ಅದನ್ನು ಎಷ್ಟು ಬಿಗಿ ಮಾಡಬೇಕು ಅಂತ ತಿಳಿದ ಕೈ, ಮತ್ತು ಆ ಕೈಯ ಮಾತು. ಇರುಸು, ಗುಂಬ, ಕಡಾಣಿ ನಿಘಂಟಿನಲ್ಲಾದರೂ ಉಳಿದಿವೆ. ‘ಆಟ ಬಂದಿದೆ’, ‘ಚಕ್ರ ಬೇಡ ಅನ್ನುತ್ತೆ’ ಎಲ್ಲಿವೆ? ಆಚಾರ್ರ ವಿದ್ಯೆಯನ್ನು ನಾವು ಬರೆದಿಟ್ಟುಕೊಳ್ಳಲಿಲ್ಲ. ಸಾಬರದ್ದನ್ನಾದರೂ ಬರೆದಿಡೋಣ ಅಂತ ಈ ಬರಹ.

ನಿಮ್ಮೂರಿನ ಗ್ಯಾರೇಜಿನಲ್ಲಿ, ಕುಲುಮೆಯಲ್ಲಿ ಕೇಳಿದ ಇಂಥ ಪದಗಳಿದ್ದರೆ ದಯವಿಟ್ಟು ತಿಳಿಸಿ. ಹೊಳೆನರಸೀಪುರದ ಸಾಬರ ಮಾತುಗಳನ್ನು ನಾನು ಪಟ್ಟಿ ಮಾಡಲು ಶುರು ಮಾಡಿದ್ದೇನೆ. ಸದ್ಯಕ್ಕೆ ಮೂವತ್ತೊಂದು ಆಗಿವೆ.